ಮೊದಲ ಇಂಚಿಲ್ಲದ ಟೇಪು

ಆ ಭಾನುವಾರ ಟೈಲರಮ್ಮ ಚರ್ಚಿನ ಮೊದಲ ಸಾಲಿನಿಂದ ಎದ್ದು ಪರಮಪ್ರಸಾದಕ್ಕೆಂದು ಪೀಠದ ಕಡೆಗೆ ಹೊರಟಾಗ, ಮಂಡಿಯೂರುವ ದಿಂಬೂ ಅವರ ಹಿಂದೆಯೇ ಹೊರಟಿತು.

ದಿಂಬಿಗೇನೂ ಭಕ್ತಿ ಉಕ್ಕಿರಲಿಲ್ಲ. ಪ್ರಾರ್ಥನೆಗೆ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದ ಟೈಲರಮ್ಮನ ಕಣ್ಣಿಗೆ, ದಿಂಬಿನ ಒಂದು ಮಗ್ಗುಲು ಬಾಯಿಬಿಟ್ಟು ಹತ್ತಿ ಕಾರುತ್ತಿದ್ದದ್ದು ಬಿದ್ದಿತ್ತು. ಬಿಚ್ಚಿದ ಹೊಲಿಗೆ ಕಂಡರೆ ಅವರ ಕೈ ಸುಮ್ಮನಿರುವ ಕೈಯಲ್ಲ. ಚೀಲದಿಂದ ಸೂಜಿ ತೆಗೆದು, ದಪ್ಪ ದಾರವನ್ನು ಎರಡೆಳೆ ಮಾಡಿ ಪೋಣಿಸಿ, ತುಟಿಯಲ್ಲಿ ಸ್ತೋತ್ರ, ಬೆರಳಲ್ಲಿ ಹೊಲಿಗೆ ಎಂದು ಎರಡನ್ನೂ ಒಟ್ಟಿಗೆ ಮುಗಿಸಿದರು. ಆ ಅವಸರದಲ್ಲಿ ತಮ್ಮ ಉಣ್ಣೆಯ ಶಾಲಿನ ಅಂಚೂ ದಿಂಬಿನ ಜೊತೆ ಸೇರಿಹೋದದ್ದು ತಿಳಿಯಲಿಲ್ಲ. ಹೀಗಾಗಿ ಊರಿನ ಅತಿ ದೊಡ್ಡ ದೈವಭಕ್ತೆ ತಲೆ ಬಗ್ಗಿಸಿ, ಕೈ ಜೋಡಿಸಿ, ಕಲ್ಲಿನ ನೆಲದ ಮೇಲೆ ಸರಸರ ಸದ್ದು ಮಾಡುವ ಕೆಂಪು ದಿಂಬೊಂದನ್ನು ಎಳೆದುಕೊಂಡು ಪೀಠದವರೆಗೂ ನಡೆದರು. ಹಿಂದಿನ ಸಾಲುಗಳಿಂದ ಕೆಮ್ಮು ಕೇಳಿಸಿತು. ನಗು ತಡೆಯಲು ಚರ್ಚಿನಲ್ಲಿ ಬೇರೆ ಉಪಾಯವಿಲ್ಲ.

ಫಾದರ್ ಒಮ್ಮೆ ದಿಂಬನ್ನು ನೋಡಿದರು, ಒಮ್ಮೆ ಟೈಲರಮ್ಮನನ್ನು ನೋಡಿದರು.

"ನೀವು ಚರ್ಚಿಗೆ ಅಂಟಿಕೊಂಡವರು ಅಂತ ಗೊತ್ತಿತ್ತು," ಎಂದು ಮೆಲ್ಲಗೆ ಹೇಳಿದರು. "ಚರ್ಚೂ ನಿಮಗೆ ಅಂಟಿಕೊಂಡಿದೆ ಅಂತ ಗೊತ್ತಿರಲಿಲ್ಲ."

ಪಕ್ಕದಲ್ಲಿದ್ದ ಶಾಲೆಯ ಹೆಡ್‌ಮಿಸ್ ದಾರ ಹರಿಯಲು ನೋಡಿದರು. ಹರಿಯಲಿಲ್ಲ. ಟೈಲರಮ್ಮನ ಹೊಲಿಗೆ, ಹರಿಯುವುದೆಂದರೇನು! ಕೊನೆಗೆ ದಿಂಬನ್ನು ಹಸುಗೂಸಿನಂತೆ ಕಂಕುಳಲ್ಲಿ ಎತ್ತಿಕೊಂಡೇ ಅವರು ತಮ್ಮ ಜಾಗಕ್ಕೆ ಹಿಂದಿರುಗಬೇಕಾಯಿತು.

ಮುಜುಗರವೇನೋ ಆಯಿತು. ಆದರೆ ನಿಜವಾದ ಕುತ್ತು ಕಾದಿದ್ದು ಹೊರಗೆ, ಮೆಟ್ಟಿಲ ಮೇಲೆ. ಅಲ್ಲಿ ಕೂತು ಟೈಲರಮ್ಮ ಪುಟ್ಟ ಕತ್ತರಿಯಿಂದ ದಾರ ಬಿಡಿಸುತ್ತಿದ್ದಾಗ ಹೆಡ್‌ಮಿಸ್ ಬಂದು ಪಕ್ಕದಲ್ಲಿ ನಿಂತರು.

"ಟೈಲರಮ್ಮ, ನಮ್ಮ ಹೊಲಿಗೆ ಟೀಚರು ಕೆಲಸ ಬಿಟ್ರು. ಆ ಜಾಗಕ್ಕೆ ಯಾರು ಅರ್ಜಿ ಹಾಕಿದಾರೆ ಗೊತ್ತಾ? ನಿಮ್ಮ ನಾದಿನಿ."

ಕತ್ತರಿ ಅಲ್ಲೇ ನಿಂತಿತು.

"ನನಗೂ ಆ ಹುಡುಗಿಗೇ ಕೊಡೋಣ ಅಂತ ಮನಸ್ಸಿದೆ. ಆದ್ರೆ ಆ ನಿಲುವಂಗಿ ಪ್ರಕರಣ ಇನ್ನೂ ಯಾರೂ ಮರೆತಿಲ್ಲ ನೋಡಿ. ಅಳತೆನೇ ಬರದವಳು ಮಕ್ಕಳಿಗೆ ಏನು ಕಲಿಸ್ತಾಳೆ ಅಂತಾರೆ. ಅವಳ ಕೆಲಸ ಹತ್ತಿರದಿಂದ ನೋಡಿದವರು ನೀವೊಬ್ಬರೇ. ಬುಧವಾರ ಸಂಜೆ ಅಂಗಡಿಗೆ ಬರ್ತೀನಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ನೀವು ಬೇಡ ಅಂದ್ರೆ ಬೇಡ. ಮೂರು ಹೊತ್ತೂ ದೇವರ ಮುಂದೆ ಇರೋರು, ನಿಮ್ಮ ಬಾಯಲ್ಲಿ ಸುಳ್ಳು ಬರುತ್ತಾ?"

ಬರುತ್ತಿತ್ತು. ಒಂಬತ್ತು ವರ್ಷದ ಹಿಂದೆ ಬಂದೇ ಇತ್ತು.

ಟೈಲರಮ್ಮನ ಅಂಗಡಿ ಚಪ್ಪಲಿ ರಿಪೇರಿಯವನಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದೇ ಕೋಣೆ. ಬಾಗಿಲ ಬಳಿ ಎರಡು ಮಷಿನ್ನು, ಕಿಟಕಿಯ ಬೆಳಕಿಗೆ ಉದ್ದನೆಯ ಕತ್ತರಿಸುವ ಮೇಜು, ಮೂಲೆಯಲ್ಲಿ ಚಹಾ ಕಾಸುವ ಒಲೆ, ಗೋಡೆಯ ಮೊಳೆಗಳಲ್ಲಿ ತೂಗುವ ಅರೆಬರೆ ಅಂಗಿಗಳು. ಹದಿನಾಲ್ಕನೇ ವಯಸ್ಸಿಗೆ ಗುಂಡಿ ಹಚ್ಚುತ್ತ ಕಸುಬಿಗೆ ಬಿದ್ದವರು; ಮೂವತ್ತು ದಾಟುವ ಹೊತ್ತಿಗೆ ಅವರು ಕೂರಿಸಿದ ಕಾಲರು ಸೊಟ್ಟಗಾದದ್ದನ್ನು ಕಂಡವರಿಲ್ಲ. ಮಾತೂ ಅಷ್ಟೇ ಖಡಕ್ಕು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಾಗ ಮಾತ್ರ ಅವರು ಮೌನಿ. ಆದ್ದರಿಂದ ಕೆಲವು ಗಿರಾಕಿಗಳು ಬೇಕೆಂದೇ ಅಂಗಿಗೆ ಹೆಚ್ಚು ನೆರಿಗೆ ಹೇಳುತ್ತಿದ್ದರು ಎಂಬ ಮಾತಿದೆ.

ಗಂಡ ಸಿಟಿ ಬಸ್ಸಿನ ಡ್ರೈವರು. ಅವನ ತಂಗಿಯೇ ಈ ನಾದಿನಿ. ಆಗ ಅವಳಿಗೆ ಇಪ್ಪತ್ತೆರಡು. ಅತ್ತಿಗೆಯ ಕೈಕೆಳಗೆ ನಾಲ್ಕು ವರ್ಷ ಪಳಗಿ, ಅಳತೆ ತೆಗೆಯುವುದರಲ್ಲಿ ಅತ್ತಿಗೆಯನ್ನೇ ಮೀರಿಸಿದ್ದಳು. ಚರ್ಚಿಗೆ ಹೊಸ ಗಂಟೆ ಬರುವುದಿತ್ತು. ಅಂದು ಹಾಡುವ ಹನ್ನೆರಡು ಜನಕ್ಕೆ ಬಿಳಿ ನಿಲುವಂಗಿ ಹೊಲಿಯುವ ಕೆಲಸ ಅಂಗಡಿಗೆ ಬಂತು. ನಾದಿನಿ ತನ್ನ ಟೇಪಿನಲ್ಲಿ ಹನ್ನೆರಡೂ ಜನರ ಅಳತೆ ತೆಗೆದು ಪುಸ್ತಕದಲ್ಲಿ ಬರೆದಳು. ಟೈಲರಮ್ಮ ಆ ಪುಸ್ತಕ ನೋಡಿ, ಮೇಜಿನ ಮೇಲಿದ್ದ ತಮ್ಮ ಟೇಪಿನಲ್ಲಿ ಅಳೆದು ಬಟ್ಟೆ ಕತ್ತರಿಸಿದರು.

ಆ ಟೇಪಿಗೆ ಮೊದಲ ಇಂಚು ಇರಲಿಲ್ಲ.

ತುದಿ ನಾರುನಾರಾಗಿ ಸವೆದಿತ್ತೆಂದು ವಾರದ ಹಿಂದೆ ಟೈಲರಮ್ಮನೇ ಒಂದು ಇಂಚು ಕತ್ತರಿಸಿ ಎಸೆದಿದ್ದರು. ಹೊಸದು ತರುವ ತನಕ ಒಂದು ಕೂಡಿಸಿಕೊಂಡು ಅಳೆದರಾಯಿತು ಎಂದುಕೊಂಡಿದ್ದರು. ವಾರವೆಲ್ಲ ಕೂಡಿಸಿದರು, ನಿಲುವಂಗಿಯ ದಿನ ಮರೆತರು. ನಾಲ್ಕು ಮಡಿಕೆ ಮಾಡಿಟ್ಟ ಬಟ್ಟೆಯಲ್ಲಿ ಒಂದು ಇಂಚು ತಪ್ಪಿದರೆ ಎದೆಸುತ್ತಳತೆಯಲ್ಲಿ ನಾಲ್ಕು ಇಂಚು ಹೋದಂತೆ. ಹೊಲಿದು ಮುಗಿಸಿದ್ದೇ ಹಿಂದಿನ ದಿನ, ತೊಟ್ಟು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಗಂಟೆಯ ದಿನ ಹನ್ನೆರಡು ಜನ ಉಸಿರು ಬಿಗಿಹಿಡಿದು ನಿಂತರು, ಮೊದಲ ಚರಣ ಹೇಗೋ ಮುಗಿಸಿದರು. ಎರಡನೆಯ ಚರಣದಲ್ಲಿ ದಪ್ಪ ಗಂಟಲಿನ ಬೇಕರಿಯವರು ಎದೆ ತುಂಬ ಉಸಿರೆಳೆದುಕೊಂಡದ್ದೇ ತಡ, ಬಟ್ಟೆ ಕುತ್ತಿಗೆಯಿಂದ ಸೊಂಟದವರೆಗೆ ಪರ್ರೆಂದು ಹರಿಯಿತು. ಹೊಸ ಗಂಟೆಗಿಂತ ಆ ಸದ್ದೇ ಜೋರಾಗಿ ಕೇಳಿಸಿತೆಂದು ಇಂದಿಗೂ ಹೇಳುವವರಿದ್ದಾರೆ.

"ಅಳತೆ ತೆಗೆದದ್ದು ಯಾರು?" ಎಂದು ಎಲ್ಲರೂ ಕೇಳಿದರು.

"ಇವಳು," ಎಂದರು ಟೈಲರಮ್ಮ.

ನೋಡಿ, ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಅಳತೆ ತೆಗೆದದ್ದು ಅವಳೇ. ಆ ಘಳಿಗೆಯಲ್ಲಿ ಟೈಲರಮ್ಮನಿಗೆ ಟೇಪಿನ ನೆನಪೂ ಇರಲಿಲ್ಲ. ನೆನಪಾದದ್ದು ಅಂಗಡಿಗೆ ಬಂದು ಮೇಜಿನ ಮೇಲೆ ಅದು ಬಿದ್ದಿದ್ದನ್ನು ಕಂಡಾಗ. ಎದುರಿಗೇ ನಾದಿನಿ ಅಳುತ್ತ ನಿಂತಿದ್ದಳು. "ಅತ್ತಿಗೆ, ಇನ್ನೊಂದು ಸಲ ಎಲ್ಲರನ್ನೂ ಅಳೆದು ನೋಡ್ತೀನಿ. ಎಲ್ಲಿ ತಪ್ಪಿದೆ ಅಂತ ತಿಳೀಬೇಕು ನನಗೆ."

"ಇನ್ನು ಅಳೆದು ಏನು ಬಂತು? ಬಿಡು," ಎಂದರು ಟೈಲರಮ್ಮ. ಅವಳು ಅತ್ತ ಹೋದ ಮೇಲೆ ಟೇಪನ್ನು ಸುತ್ತಿ ಒಲೆಗೆ ಹಾಕಿದರು.

ಪಾಪ ಎಂಬುದು ಯಾವಾಗಲೂ ಗುಡುಗುತ್ತ ಬರುವುದಿಲ್ಲ. ಇಲ್ಲಿ ಅದು "ಬಿಡು" ಎಂಬ ಎರಡಕ್ಷರದಲ್ಲಿ ಬಂದು ಕೂತಿತು. ನಾದಿನಿ ಕತ್ತರಿ ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. ಬೇರೆ ಕೋಣೆ ಹಿಡಿದು, ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದಳು. ಅತ್ತ ಟೈಲರಮ್ಮ ಮರುದಿನದಿಂದಲೇ ಚರ್ಚು ಹಿಡಿದರು. ದಿನಾ ಬೆಳಿಗ್ಗೆ ಮೊದಲ ಸಾಲು, ಶುಕ್ರವಾರ ಉಪವಾಸ, ವಾರಕ್ಕೊಮ್ಮೆ ಪಾಪನಿವೇದನೆ, ವರ್ಷಕ್ಕೆರಡು ಹೊಸ ಪೀಠವಸ್ತ್ರ. ಒಂಬತ್ತು ವರ್ಷದಲ್ಲಿ ಪೀಠಕ್ಕೆ ಇದ್ದಷ್ಟು ಬಟ್ಟೆ ಊರಿನ ಯಾವ ಮನೆಯ ಮದುಮಗಳಿಗೂ ಇರಲಿಲ್ಲ. ಜನ ಅವರ ಭಕ್ತಿಯನ್ನು ಹೊಗಳಿದರು. ಹೊಗಳಿಕೆಯನ್ನು ಅವರು ತಲೆ ಬಗ್ಗಿಸಿ ಸ್ವೀಕರಿಸಿದರು. ಹಾಗೆ ಬಗ್ಗಿಸುವುದೂ ಅಭ್ಯಾಸದಿಂದ ಬಹಳ ಚೆನ್ನಾಗಿ ಬರುತ್ತದೆ.

ಈಗ ಬುಧವಾರಕ್ಕೆ ಮೂರೇ ದಿನ ಉಳಿದಿತ್ತು. ನಿಜ ಹೇಳಿದರೆ ತಮ್ಮ ಹೆಸರು ಹೋಗುತ್ತದೆ. ಹೆಸರಿನ ಜೊತೆ ಅಂಗಡಿಯ ಅರ್ಧ ಕೆಲಸವಾದ ಶಾಲೆಯ ಸಮವಸ್ತ್ರವೂ ಹೋಗಬಹುದು. ಹೇಳದಿದ್ದರೆ ನಾದಿನಿಗೆ ಬಂದ ಕೆಲಸ ಹೋಗುತ್ತದೆ. ಟೈಲರಮ್ಮ ಯೋಚಿಸಿ ಒಂದು ನಡುದಾರಿ ಕಂಡುಕೊಂಡರು: ಮೂರು ದಿನ ಊಟ ಬಿಡುವುದು.

"ಯಾಕೆ, ಹುಷಾರಿಲ್ವಾ?" ಎಂದ ಗಂಡ, ಸೋಮವಾರ ಖಾಲಿ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತ.

"ಉಪವಾಸ ಕಣ್ರೀ."

"ನೀನು ಉಪವಾಸ ಇರೋದು ಸರಿ. ಅಡುಗೆಮನೆ ಯಾವ ಪಾಪ ಮಾಡಿತ್ತು?"

"ಬ್ರೆಡ್ಡಿದೆ. ತಿನ್ಕೊಳ್ಳಿ."

"ನಿನ್ನ ಭಕ್ತಿಗೆ ನನ್ನ ಹೊಟ್ಟೆ ದಂಡ ತೆರ್ತಾ ಇದೆ," ಎಂದು ಗೊಣಗಿ ಅವನು ಬ್ರೆಡ್ಡಿಗೆ ಕೈ ಹಾಕಿದ. ಆಮೇಲೆ ಅಗಿಯುವುದನ್ನು ನಿಲ್ಲಿಸಿ ಹೇಳಿದ: "ತಂಗಿ ಶಾಲೆ ಕೆಲಸಕ್ಕೆ ಅರ್ಜಿ ಹಾಕಿದಾಳಂತೆ. ನೀನೊಂದು ಒಳ್ಳೆ ಮಾತು ಹಾಕು. ಏನೋ ಹುಡುಗಾಟದ ವಯಸ್ಸಲ್ಲಿ ತಪ್ಪು ಮಾಡಿದ್ಲು."

ಟೈಲರಮ್ಮ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡರು.

ಹೆಡ್‌ಮಿಸ್ಸಿಗೆ ಹೇಳಬೇಕಾದದ್ದನ್ನು ಅವರು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದರು. 'ಈಗ ಸುಧಾರಿಸಿರಬಹುದು.' ಒಳ್ಳೆಯ ಮಾತು, ಕರುಣೆಯ ಮಾತು. ಆದರೆ ಆ ಮಾತಿಗೆ ಕೆಲಸ ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ, ಎಷ್ಟು ಮೇಣದಬತ್ತಿ ಹಚ್ಚಿದರೂ ಆ ಮಾತಿನಿಂದ ಸುಟ್ಟ ಟೇಪಿನ ವಾಸನೆ ಹೋಗದೆ, ಎದ್ದು ಪಾಪನಿವೇದನೆಗೆ ಹೋದರು.

ಪಾಪನಿವೇದನೆಯ ಗೂಡಿನಲ್ಲಿ, ಜಾಲರಿಯ ಆಚೆ ಕೂತ ಫಾದರಿಗೆ ನೆಗಡಿಯಾಗಿತ್ತು.

"ಕೋಪ ಮಾಡ್ಕೊಂಡೆ ಫಾದರ್. ಸೋಮಾರಿತನ ಮಾಡಿದೆ. ಒಂದು ದಿನ ಸಂಜೆ ಪ್ರಾರ್ಥನೆ ಮರೆತೆ. ಗಂಡನಿಗೆ ಎದುರು ಮಾತಾಡಿದೆ..."

"ಟೈಲರಮ್ಮ," ಎಂದು ಫಾದರ್ ಮೂಗು ಒರೆಸಿಕೊಂಡರು, "ನಾನು ಈ ಚರ್ಚಿಗೆ ಬಂದಾಗಿನಿಂದ ಇದೇ ನಾಲ್ಕು ಪಾಪ ಕೇಳ್ತಾ ಇದೀನಿ. ಒಗೆದು ಇಸ್ತ್ರಿ ಮಾಡಿ ಮತ್ತೆ ಅವನ್ನೇ ತರ್ತೀರಿ. ಮೈಗೆ ಹಾಕ್ಕೊಂಡಿರೋದು ಯಾವುದು, ಅದನ್ನ ಹೇಳಿ."

ಎರಡು ದಿನದ ಹಸಿವಿನ ನಿತ್ರಾಣವೋ, ಆ ಪ್ರಶ್ನೆ ಸರಿಯಾದ ಜಾಗಕ್ಕೆ ಚುಚ್ಚಿತೋ, ಟೈಲರಮ್ಮ ಹೇಳಿಬಿಟ್ಟರು. ಟೇಪು, ಹನ್ನೆರಡು ನಿಲುವಂಗಿ, 'ಇವಳು', 'ಬಿಡು', ಒಲೆ, ಬುಧವಾರ. ಫಾದರ್ ಸೀನಲಿಲ್ಲ, ಕೆಮ್ಮಲಿಲ್ಲ. ಹೇಳಿ ಮುಗಿದ ಮೇಲೆ ಟೈಲರಮ್ಮನಿಗೆ ಹಗುರಾಯಿತು. ಹಗುರಾದದ್ದೇ ತಡ, ಅವರೊಳಗಿನ ವ್ಯವಹಾರಸ್ಥೆ ಎದ್ದು ಕೂತಳು.

"ಎಷ್ಟು ಜಪ ಹೇಳ್ಲಿ ಫಾದರ್?"

"ಒಂದೂ ಬೇಡ. ನಾದಿನಿ ಹತ್ತಿರ ಹೋಗಿ ಇದನ್ನೇ ಹೇಳಿ."

"ಐವತ್ತು ಜಪಮಾಲೆ ಹೇಳ್ತೀನಿ."

"ಹೋಗಿ ಹೇಳಿ ಅಂದೆ."

"ತಿಂಗಳಿಡೀ ಉಪವಾಸ ಇರ್ತೀನಿ. ಪೀಠಕ್ಕೆ ಕಸೂತಿ ಹಾಕಿ ಹೊಸ ವಸ್ತ್ರ..."

"ಅಮ್ಮಾ!" ಫಾದರ್ ಜಾಲರಿಗೆ ಮುಖ ತಂದರು. "ಪೀಠಕ್ಕೆ ಚಳಿಯಾಗ್ತಾ ಇಲ್ಲ. ಒಂಬತ್ತು ವರ್ಷ ನೀವು ಅದಕ್ಕೆ ಬಟ್ಟೆ ತೊಡಿಸಿದ್ದು ಸಾಕು. ದೇವರ ಹತ್ತಿರ ಕ್ಷಮೆ ಇಲ್ಲ ಅಂತ ನಾನು ಹೇಳ್ತಾ ಇಲ್ಲ, ಬೇಕಾದಷ್ಟಿದೆ. ಆದ್ರೆ ಆ ಹುಡುಗಿಗೆ ನೀವು ಕೊಡಬೇಕಾದ ನಿಜವನ್ನ ತಂದು ದೇವರ ಕೈಗೆ ಕೊಟ್ರೆ ಆತ ಏನು ಮಾಡ್ತಾನೆ? ನಾಳೆ ಬೆಳಿಗ್ಗೆ ಚರ್ಚಿಗೆ ಬರಬೇಡಿ. ಲಾಂಡ್ರಿಗೆ ಹೋಗಿ."

"ಬೆಳಿಗ್ಗೆ ಪ್ರಾರ್ಥನೆ ತಪ್ಪಿಸ್ಲಾ?" ಟೈಲರಮ್ಮನಿಗೆ ಗಾಬರಿಯೇ ಆಯಿತು.

"ಲಾಂಡ್ರಿಗೆ ಹೋಗೋದೇ ನಾಳೆ ಪ್ರಾರ್ಥನೆ," ಎಂದರು ಫಾದರ್, ಮತ್ತು ಅಷ್ಟು ಹೊತ್ತು ತಡೆದಿದ್ದ ಸೀನನ್ನು ಸೀನಿದರು.

ಬುಧವಾರ ಬೆಳಿಗ್ಗೆ ಕಾಲು ಅಭ್ಯಾಸಬಲದಿಂದ ಚರ್ಚಿನ ಕಡೆಗೇ ತಿರುಗಿತು. ಟೈಲರಮ್ಮ ಬೀದಿಯ ತಿರುವಿನಲ್ಲಿ ನಿಂತು ಅದನ್ನು ಗದರಿಸಿ, ಆಸ್ಪತ್ರೆಯ ದಾರಿ ಹಿಡಿಸಿದರು.

ಲಾಂಡ್ರಿ ಆಸ್ಪತ್ರೆಯ ಹಿಂಬದಿಯಲ್ಲಿತ್ತು. ಹಬೆ, ಸೋಡಾದ ವಾಸನೆ, ಗುಡುಗುಡು ತಿರುಗುವ ದೊಡ್ಡ ಡ್ರಮ್ಮುಗಳು. ನಾದಿನಿ ಬಿಳಿ ಹೊದಿಕೆಯ ರಾಶಿಯ ಮುಂದೆ ನಿಂತಿದ್ದಳು. ಮೂವತ್ತೊಂದಕ್ಕೇ ಕಿವಿಯ ಬಳಿ ನರೆ ಕಾಣಿಸಿಕೊಂಡಿತ್ತು. ಅವಳು ಹೊದಿಕೆ ಮಡಿಸುವುದನ್ನು ಟೈಲರಮ್ಮ ಬಾಗಿಲಲ್ಲೇ ನಿಂತು ನೋಡಿದರು: ಅಂಚಿಗೆ ಅಂಚು ತಂದಳು, ಬೆರಳಲ್ಲಿ ಒತ್ತಿ ನೋಡಿದಳು, ಬಿಚ್ಚಿದಳು, ಮತ್ತೆ ಅಂಚಿಗೆ ಅಂಚು ತಂದಳು. ಪ್ರತಿಯೊಂದನ್ನೂ ಎರಡು ಸಲ.

"ಅತ್ತಿಗೆ? ಅಣ್ಣನಿಗೇನಾದ್ರೂ ಆಯ್ತಾ?"

"ಅವರಿಗೇನಾಗುತ್ತೆ, ಬ್ರೆಡ್ ತಿಂದ್ಕೊಂಡು ಗಟ್ಟಿಯಾಗಿದಾರೆ." ಟೈಲರಮ್ಮ ಒಳಗೆ ಬಂದರು. ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಹಬೆಯಲ್ಲಿ ಕರಗಿಹೋದವು. "ನಿಲುವಂಗಿ ನಾನು ಕೆಡಿಸಿದ್ದು. ನಿನ್ನ ಅಳತೆ ಸರಿ ಇತ್ತು. ನನ್ನ ಟೇಪಿನ ತುದಿ ಕತ್ತರಿಸಿದ್ದೆ, ಕತ್ತರಿಸಿದ್ದು ಮರೆತೆ. ಅವತ್ತೇ ಗೊತ್ತಾಯ್ತು ನನಗೆ. ಹೇಳ್ಲಿಲ್ಲ."

ನಾದಿನಿಯ ಕೈಯಲ್ಲಿ ಹೊದಿಕೆಯ ಎರಡು ತುದಿ ಹಾಗೇ ಉಳಿದವು.

"ಅವತ್ತೇ?"

"ಅವತ್ತೇ."

"ನಾನು ಮತ್ತೆ ಅಳೀತೀನಿ ಅಂದಾಗ?"

"ಆವಾಗ ಟೇಪು ಕಣ್ಣೆದುರಿಗೇ ಇತ್ತು."

ನಾದಿನಿ ಹೊದಿಕೆಯನ್ನು ಉಂಡೆ ಮಾಡಿ ರಾಶಿಯ ಮೇಲೆ ಬಿಸಾಡಿದಳು. "ನಾನು ಮನೇಲಿ ಹಾಲನ್ನೂ ಎರಡು ಸಲ ಅಳೀತೀನಿ ಅತ್ತಿಗೆ! ಪರದೆ ಹರಿದ್ರೆ ಪಕ್ಕದ ಮನೆಯವರ ಹತ್ತಿರ ಹೊಲಿಸ್ತೀನಿ. ಈ ಅರ್ಜಿ ಹಾಕೋ ಧೈರ್ಯ ಬರೋಕೇ ಒಂಬತ್ತು ವರ್ಷ ಬೇಕಾಯ್ತು. ನನ್ನ ಕಣ್ಣಿಗೆ ನಾಲ್ಕೂ ಐದೂ ಒಂದೇ ಥರ ಕಾಣುತ್ತೇನೋ ಅಂತ ಡಾಕ್ಟರಿಗೆ ತೋರಿಸ್ಕೊಂಡು ಬಂದೆ. ಗೊತ್ತಾ? ಡಾಕ್ಟರು ನಕ್ಕರು. ಮತ್ತೆ ನೀವು? ನೀವು ಚರ್ಚಿಗೆ ದಿಂಬು ಹೊಲೀತಾ ಕೂತಿದ್ರಿ!"

ಟೈಲರಮ್ಮ ತಲೆ ಬಗ್ಗಿಸಲಿಲ್ಲ, ಬಗ್ಗಿಸಿದರೆ ಅದು ಚರ್ಚಿನ ತಲೆಯಾಗಿಬಿಡುತ್ತದೆಂದು ಅವರಿಗೇ ಅನ್ನಿಸಿತು. "ಬೈಯಿ," ಎಂದರು. "ನಾನು ಕೇಳೋಕೇ ಬಂದಿದೀನಿ. ನಿನ್ನ ಅರ್ಜಿ ವಿಷಯ ಕೇಳೋಕೆ ಇವತ್ತು ಹೆಡ್‌ಮಿಸ್ ಅಂಗಡಿಗೆ ಬರ್ತಾರೆ."

"ಬೈಯೋಕೆ ಈಗ ಪುರಸೊತ್ತಿಲ್ಲ. ಇನ್ನೂರು ಹೊದಿಕೆ ಇದೆ." ನಾದಿನಿ ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಹೆಡ್‌ಮಿಸ್ ಯಾವಾಗ ಬರ್ತಾರೆ?"

"ಸಂಜೆ ಐದಕ್ಕೆ."

"ನಾನೂ ಬರ್ತೀನಿ. ಅವರ ಎದುರಿಗೆ, ನಾನು ನಿಂತಿರೋವಾಗ ಹೇಳಿ. ನನ್ನ ಕಿವೀಲಿ ಗುಟ್ಟಾಗಿ ಹೇಳಿ ಹೋದ್ರೆ ಸಾಲದು."

ಐದಕ್ಕೆ ಸರಿಯಾಗಿ ಹೆಡ್‌ಮಿಸ್ ಬಂದು ಕೊಡೆ ಮಡಿಸಿ ಸ್ಟೂಲಿನ ಮೇಲೆ ಕೂತರು. ಮಷಿನ್ನಿಗೆ ಆತುಕೊಂಡು ನಾದಿನಿ ನಿಂತಿದ್ದಳು. ಬಸ್ಸು ಬಿಟ್ಟು ಆಗತಾನೇ ಬಂದಿದ್ದ ಗಂಡ, ತಂಗಿಯನ್ನು ಅಂಗಡಿಯೊಳಗೆ ಕಂಡು ಬಾಗಿಲಲ್ಲೇ ಕಂಬವಾದ. ಟೈಲರಮ್ಮ ಮೇಜಿನ ಹಿಂದೆ ನಿಂತು, ಅಂಗಿಯ ಅಳತೆ ಓದಿ ಹೇಳುವ ದನಿಯಲ್ಲಿ, ಒಂದೂ ಬಿಡದೆ ಹೇಳಿದರು. 'ಬಿಡು' ಎಂದದ್ದನ್ನೂ ಹೇಳಿದರು. ಟೇಪು ಸುಟ್ಟದ್ದನ್ನೂ ಹೇಳಿದರು. ಈ ಸಲ ಅಳತೆಯಲ್ಲಿ ಒಂದಿಂಚೂ ಕಡಿಮೆಯಾಗಲಿಲ್ಲ.

ಹೆಡ್‌ಮಿಸ್ ಕೊಡೆ ಎತ್ತಿಕೊಂಡು ಎದ್ದರು.

"ಸೋಮವಾರ ಎಂಟಕ್ಕೆ ಶಾಲೆಗೆ ಬಾಮ್ಮ," ಎಂದು ನಾದಿನಿಗೆ ಹೇಳಿದರು. ಆಮೇಲೆ ಟೈಲರಮ್ಮನ ಕಡೆ ತಿರುಗಿದರು. "ಸಮವಸ್ತ್ರದ ವಿಷಯ... ಕಮಿಟಿಯಲ್ಲಿ ಕೇಳಬೇಕಾಗುತ್ತೆ. ನಾನು ಏನೂ ಮಾತು ಕೊಡಲಾರೆ."

"ಕೇಳಿ," ಎಂದರು ಟೈಲರಮ್ಮ. "ನಾನು ಹೇಳಿದ್ದನ್ನೇ ಅಲ್ಲೂ ಹೇಳಿ. ಏನೂ ಮುಚ್ಚಬೇಡಿ."

ಹೆಡ್‌ಮಿಸ್ ಹೋದ ಮೇಲೆ ಗಂಡ ಹೆಂಡತಿಯನ್ನು ನೋಡಿದ, ತಂಗಿಯನ್ನು ನೋಡಿದ, "ಚಹಾ ಮಾಡ್ತೀನಿ" ಎಂದ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವನು ಹಾಗೆಂದದ್ದು ಅದೇ ಮೊದಲು. ಅತ್ತಿಗೆ ನಾದಿನಿ ಇಬ್ಬರೂ ಅವನನ್ನು ಅನುಮಾನದಿಂದ ನೋಡಿದರು. ಹೇಗೋ ಚಹಾ ಆಯಿತು. ಕುಡಿಯುವಂತೆಯೂ ಇತ್ತು.

ನಾದಿನಿ ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಟೈಲರಮ್ಮ ಕೇಳಲೂ ಇಲ್ಲ. ಅವಳು ಲೋಟ ಕೆಳಗಿಟ್ಟು, ಮೇಜಿನ ಮೇಲಿದ್ದ ಅರ್ಧ ಕತ್ತರಿಸಿದ ತೋಳನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನೋಡುತ್ತಲೇ ಕೇಳಿದಳು:

"ಅತ್ತಿಗೆ, ಒಂದು ಕೇಳ್ತೀನಿ, ನಿಜ ಹೇಳಿ. ಇಷ್ಟು ವರ್ಷ ದಿನಾ ಬೆಳಿಗ್ಗೆ ಚರ್ಚಲ್ಲಿ ಕೂತು ದೇವರನ್ನ ಏನಂತ ಬೇಡ್ಕೊಳ್ತಿದ್ರಿ?"

ಟೈಲರಮ್ಮ ಲೋಟದ ತಳದಲ್ಲಿ ಉಳಿದ ಚಹಾವನ್ನು ಒಮ್ಮೆ ಅಲುಗಿಸಿದರು.

"ನನ್ನ ನಾದಿನಿ ತಪ್ಪನ್ನ ಕ್ಷಮಿಸಿಬಿಡಪ್ಪಾ ಅಂತ."